ಸೀಬೆ, ಪೇರಲ, ಜಾಮ್: ಅಡುಗೆಮನೆಯ ಮಾತಿನಲ್ಲಿ ಉಳಿದ ಚರಿತ್ರೆ

ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ‘ಸೀಬೆ’ ಎಂದು ಮಾರುವ ಹಣ್ಣು ಧಾರವಾಡದ ಸಂತೆಯಲ್ಲಿ ‘ಪೇರಲ’ ಆಗುತ್ತದೆ. ಮಂಗಳೂರಿಗೆ ಇಳಿದರೆ ಅದೇ ‘ಪೇರಳೆ’. ಮೈಸೂರು ಸೀಮೆಯಲ್ಲೇ ಕೆಲವರ ಬಾಯಲ್ಲಿ ಅದು ‘ಚೇಪೆ’. ಹಳೆ ಮೈಸೂರು, ಬೀದರ್, ಕಲಬುರಗಿ ಕಡೆಯ ದಖ್ಖನಿ ಮಾತಾಡುವ ಮನೆಗಳಲ್ಲಿ ಅದಕ್ಕೆ ‘ಜಾಮ್’ ಎನ್ನುತ್ತಾರೆ. ಹಣ್ಣು ಒಂದೇ. ತಿನ್ನುವವರಿಗೆ ಸಿಗುವ ರುಚಿಯೂ ಒಂದೇ. ಹೆಸರು ಮಾತ್ರ ನಾಲ್ಕೈದು.

ಇವುಗಳಲ್ಲಿ ಸರಿಯಾದ ಕನ್ನಡ ಯಾವುದು ಎಂದು ಕೇಳುವುದು ನಮಗೆ ರೂಢಿಯಾಗಿದೆ. ಪಠ್ಯಪುಸ್ತಕ ಒಂದು ಹೆಸರನ್ನು ಆರಿಸಿಕೊಳ್ಳುತ್ತದೆ, ಉಳಿದವು ‘ಆಡುಮಾತು’ ಎಂಬ ಮೂಲೆಗೆ ಸರಿಯುತ್ತವೆ. ಆದರೆ ಚರಿತ್ರೆಯ ಕಣ್ಣಿನಿಂದ ನೋಡುವವರು ಕೇಳಬೇಕಾದ ಪ್ರಶ್ನೆ ಬೇರೆ. ಈ ಹೆಸರು ಯಾವ ದಾರಿಯಿಂದ ಬಂತು, ಯಾರ ಕೈಯಿಂದ ಬಂತು ಎಂದು ಕೇಳಬೇಕು. ಹಾಗೆ ಕೇಳಿದರೆ ಸಂತೆಯ ಬುಟ್ಟಿಯಲ್ಲಿರುವ ಒಂದೊಂದು ಹಣ್ಣೂ ತರಕಾರಿಯೂ ರಾಜರ ಶಾಸನಗಳು ಹೇಳದ ಸಂಗತಿಗಳನ್ನು ಹೇಳತೊಡಗುತ್ತವೆ.

1956ರ ನವೆಂಬರ್ 1ಕ್ಕೆ ಮುಂಚೆ ಕನ್ನಡಿಗರು ಬೇರೆ ಬೇರೆ ಆಡಳಿತಗಳಲ್ಲಿ ಹಂಚಿಹೋಗಿದ್ದರು. ಧಾರವಾಡ, ಬೆಳಗಾವಿ, ವಿಜಯಪುರ ಮುಂಬೈಗೆ ಸೇರಿದ್ದವು. ಬೀದರ್, ಕಲಬುರಗಿ, ರಾಯಚೂರು ಹೈದರಾಬಾದಿಗೆ ಸೇರಿದ್ದವು. ದಕ್ಷಿಣ ಕನ್ನಡ ಮದರಾಸಿಗೆ ಸೇರಿತ್ತು. ಕೊಡಗು ಬೇರೆ, ಮೈಸೂರು ಬೇರೆ. ಆಡಳಿತದ ಗಡಿಗಳು ಅಳಿಸಿಹೋದವು, ರಾಜ್ಯಕ್ಕೆ 1973ರಲ್ಲಿ ಕರ್ನಾಟಕವೆಂಬ ಹೆಸರೂ ಬಂತು. ಹೈದರಾಬಾದ್ ಕರ್ನಾಟಕ 2019ರಲ್ಲಿ ಕಲ್ಯಾಣ ಕರ್ನಾಟಕವಾಯಿತು, ಮುಂಬೈ ಕರ್ನಾಟಕ 2021ರಲ್ಲಿ ಕಿತ್ತೂರು ಕರ್ನಾಟಕವಾಯಿತು. ಆದರೆ ಹಳೆಯ ಗಡಿಗಳೂ ಅವಕ್ಕಿಂತ ಹಳೆಯ ವ್ಯಾಪಾರದ ದಾರಿಗಳೂ ಅಡುಗೆಮನೆಯ ಮಾತಿನಲ್ಲಿ ಇಂದಿಗೂ ಉಳಿದಿವೆ.

ಇಬ್ಬರು ಪರದೇಶಿಗಳು, ಒಂದೇ ಯೋಚನೆ

ಮೊದಲು ಸೀಬೆಯನ್ನೇ ನೋಡೋಣ. ಇದು ನಮ್ಮ ನೆಲದ ಹಣ್ಣಲ್ಲ. ಅಮೆರಿಕ ಖಂಡದ ಬಿಸಿ ನಾಡುಗಳದ್ದು. ಕೊಲಂಬಸ್ 1492ರಲ್ಲಿ ಅಟ್ಲಾಂಟಿಕ್ ದಾಟಿದ ಮೇಲೆ ಆ ಖಂಡದ ಬೆಳೆಗಳು ಲೋಕವೆಲ್ಲ ಹರಡಿದವು. ನಮ್ಮ ಕಡೆಗೆ ಅವುಗಳಲ್ಲಿ ಹೆಚ್ಚಿನವನ್ನು ತಂದವರು ಪೋರ್ಚುಗೀಸರು. ಅವರು 1510ರಲ್ಲಿ ಬಿಜಾಪುರದ ಆದಿಲಶಾಹಿಗಳಿಂದ ಗೋವೆಯನ್ನು ಕಸಿದುಕೊಂಡರು. ಯುದ್ಧ ನಡೆದರೂ ವ್ಯಾಪಾರ ನಿಲ್ಲಲಿಲ್ಲ. ಗೋವೆಯ ಬಂದರಿನಿಂದ ಘಟ್ಟ ಹತ್ತಿ ಎತ್ತಿನ ಹೇರುಗಳು ಒಳನಾಡಿಗೆ ಬರುತ್ತಲೇ ಇದ್ದವು.

ಪೋರ್ಚುಗೀಸ್ ಭಾಷೆಯಲ್ಲಿ ‘ಪೆರಾ’ ಎಂದರೆ ಪಿಯರ್ ಹಣ್ಣು. ತಂಪು ನಾಡುಗಳಲ್ಲಿ ಬೆಳೆಯುವ, ತೊಟ್ಟಿನ ಕಡೆ ಸಣ್ಣಗಾಗುವ ಹಣ್ಣು ಅದು. ಹೊಸ ಹಣ್ಣಿನ ಆಕಾರ ಅದನ್ನೇ ಹೋಲುತ್ತಿತ್ತು. ಹೀಗೆ ‘ಪೆರಾ’ ಮರಾಠಿಯಲ್ಲಿ ‘ಪೇರು’ ಆಯಿತು, ಮಲಯಾಳದಲ್ಲಿ ‘ಪೇರಕ್ಕ’ ಆಯಿತು, ನಮ್ಮ ಉತ್ತರದಲ್ಲಿ ‘ಪೇರಲ’ವೂ ಕರಾವಳಿಯಲ್ಲಿ ‘ಪೇರಳೆ’ಯೂ ಆಯಿತು.

ಇನ್ನು ಉರ್ದು ಪುಸ್ತಕಗಳಲ್ಲಿ ಈ ಹಣ್ಣಿಗೆ ‘ಅಮ್ರೂದ್’ ಎಂದು ಹೆಸರು. ಇದು ಪಾರಸಿ ಪದ. ಪಾರಸಿಯಲ್ಲಿ ಅಮ್ರೂದ್ ಎಂದರೆ ಏನು ಗೊತ್ತೇ? ಅದೇ ಪಿಯರ್. ಲಿಸ್ಬನ್ನಿನಿಂದ ಹಡಗಿನಲ್ಲಿ ಬಂದ ಕ್ರೈಸ್ತನೂ ಪಾರಸಿ ಕಲಿತ ಉತ್ತರದ ಮುಸ್ಲಿಮನೂ ಒಬ್ಬರನ್ನೊಬ್ಬರು ಕೇಳದೆಯೇ ಈ ಅಪರಿಚಿತ ಹಣ್ಣನ್ನು ನೋಡಿ ತಮ್ಮ ತಮ್ಮ ಊರಿನ ಪಿಯರನ್ನು ನೆನೆದರು. ಉರ್ದುವಿನಲ್ಲಿ ಅಮ್ರೂದ್ ಎಂಬ ಹೆಸರು ಸೀಬೆಗೆ ಹೋಗಿಬಿಟ್ಟಿದ್ದರಿಂದ ನಿಜವಾದ ಪಿಯರಿಗೆ ‘ನಾಶಪಾತಿ’ ಎಂಬ ಇನ್ನೊಂದು ಪಾರಸಿ ಹೆಸರೇ ಉಳಿಯಿತು.

ದಖ್ಖನಿಯ ‘ಜಾಮ್’ ಈ ಎರಡೂ ಸಾಲಿಗೆ ಸೇರಿದ್ದಲ್ಲ. ತೆಲುಗಿನಲ್ಲಿ ಈ ಹಣ್ಣು ‘ಜಾಮ’, ಗುಜರಾತಿಯಲ್ಲಿ ‘ಜಾಮ್‌ಫಳ’. ನೆರೆಹೊರೆಯವರೊಡನೆ ಬಾಳಿ ದಖ್ಖನಿ ಪಡೆದ ಹೆಸರು ಅದು. ಅಂದರೆ ನಮ್ಮ ಮುಸ್ಲಿಂ ಮನೆಯ ಮಾತಿಗೆ ದೆಹಲಿಗಿಂತ ಹತ್ತಿರವಿದ್ದದ್ದು ಪಕ್ಕದ ಹೊಲದ ರೈತ.

ತನ್ನ ಹೆಸರನ್ನು ಬಿಟ್ಟುಕೊಟ್ಟ ಮೆಣಸು

ಮೆಣಸಿನಕಾಯಿಯ ಕತೆ ಇನ್ನೂ ಸ್ವಾರಸ್ಯದ್ದು. ಖಾರವಿಲ್ಲದ ಕನ್ನಡದ ಊಟವನ್ನು ಇಂದು ಕಲ್ಪಿಸಿಕೊಳ್ಳಲಿಕ್ಕೂ ಆಗದು. ಹಾವೇರಿ ಜಿಲ್ಲೆಯ ಬ್ಯಾಡಗಿ ತನ್ನ ಮೆಣಸಿನಕಾಯಿಯಿಂದಲೇ ಹೆಸರಾದ ಊರು. ಆದರೆ ಸುಮಾರು 1025ರಲ್ಲಿ ಚಾವುಂಡರಾಯ ‘ಲೋಕೋಪಕಾರ’ದಲ್ಲಿ ಅಡುಗೆಯ ವಿಧಾನಗಳನ್ನು ಬರೆದಾಗ ಮೆಣಸಿನಕಾಯಿ ಈ ನೆಲದಲ್ಲಿ ಇರಲಿಲ್ಲ. 12ನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ ರಚಿಸಿ ಅರಮನೆಯ ಭೋಜನಗಳನ್ನು ವಿವರಿಸಿದಾಗಲೂ ಇರಲಿಲ್ಲ. ಅದೂ ಅಮೆರಿಕದ್ದೇ. ಆ ಕಾಲದ ಖಾರವೆಂದರೆ ಘಟ್ಟದ ಕಾಡುಗಳಲ್ಲಿ ಬಳ್ಳಿಯಾಗಿ ಹಬ್ಬುವ ಕಾಳಿನದು. ಅದರ ಹೆಸರೇ ‘ಮೆಣಸು’.

ಹೊಸ ಕಾಯಿ ಬಂದಾಗ ಜನ ಅದನ್ನು ಬಾಯಿಗಿಟ್ಟು ನೋಡಿದರು. ಮೆಣಸಿನಂತೆಯೇ ಸುಡುತ್ತದೆ, ಆದರೆ ಕಾಳಲ್ಲ, ಕಾಯಿ. ಆದ್ದರಿಂದ ಅದು ‘ಮೆಣಸಿನಕಾಯಿ’. ಹಿತ್ತಲಲ್ಲೂ ಬೆಳೆಯುವ ಅಗ್ಗದ ಈ ಕಾಯಿ ಕೆಲವೇ ತಲೆಮಾರುಗಳಲ್ಲಿ ಅಡುಗೆಮನೆಯನ್ನು ಗೆದ್ದುಕೊಂಡಿತು. ಹಲವು ಕಡೆ ಬರೀ ‘ಮೆಣಸು’ ಎಂದರೂ ಅದೇ ಎಂಬಂತಾಯಿತು. ಆಗ ಮೂಲದ ಮೆಣಸು ತನ್ನ ಗುರುತಿಗಾಗಿ ಇನ್ನೊಂದು ಪದವನ್ನು ತಗುಲಿಸಿಕೊಳ್ಳಬೇಕಾಯಿತು. ಅದು ಕರಿಮೆಣಸು, ಕಾಳುಮೆಣಸು ಆಯಿತು. ಕರಾವಳಿಯವರು ಅದನ್ನು ‘ಒಳ್ಳೆಮೆಣಸು’ ಎಂದರು. ತುಳುವಿನಲ್ಲಿ ಮೆಣಸಿನಕಾಯಿ ‘ಮುಂಚಿ’, ಕಾಳುಮೆಣಸು ‘ಎಡ್ಡೆಮುಂಚಿ’. ಎಡ್ಡೆ ಎಂದರೆ ಒಳ್ಳೆಯದು. ಮಲಯಾಳದಲ್ಲೂ ಅದು ‘ನಲ್ಲಮುಳಕ್’, ಅಂದರೆ ಒಳ್ಳೆಯ ಮುಳಕ್. ಮೆಣಸು ಬೆಳೆದು, ಮಾರಿ, ಲೋಕಕ್ಕೆ ಕಳಿಸಿದ ಕರಾವಳಿ ತನ್ನ ಹಳೆಯ ಬೆಳೆಗೆ ಕೊಟ್ಟ ಮರ್ಯಾದೆ ಈ ‘ಒಳ್ಳೆ’ ಎಂಬ ಮಾತಿನಲ್ಲಿದೆ.

ಉರ್ದು-ಹಿಂದಿಯಲ್ಲೂ ಇದೇ ನಡೆಯಿತು. ಸಂಸ್ಕೃತದ ‘ಮರೀಚ’ ಎಂದರೆ ಕಾಳುಮೆಣಸು. ಅದರಿಂದ ಬಂದ ‘ಮಿರ್ಚ್’ ಹೊಸ ಕಾಯಿಗೆ ಹೋಯಿತು, ಹಳೆಯದು ‘ಕಾಲಿ ಮಿರ್ಚ್’ ಆಯಿತು. ಸ್ಪೇನಿನವರೂ ಮೆಣಸಿಗಿದ್ದ ‘ಪಿಮಿಯೆಂತ’ ಎಂಬ ಹೆಸರನ್ನೇ ಕೊಂಚ ತಿದ್ದಿ ‘ಪಿಮಿಯೆಂತೊ’ ಎಂದು ಕರೆದರು. ಕಾಣದ ವಸ್ತು ಎದುರಾದಾಗ ಕಂಡ ವಸ್ತುವಿನ ಹೆಸರು ಕೊಡುವುದು ಮನುಷ್ಯರ ಸಹಜ ಬುದ್ಧಿ. ಅದಕ್ಕೆ ಜಾತಿ, ಮತ, ದೇಶಗಳ ಭೇದವಿಲ್ಲ.

ಪರಂಗಿ ಮತ್ತು ಸೀಮೆ

ಹೊಸದನ್ನು ಹಳೆಯದಕ್ಕೆ ಹೋಲಿಸುವುದು ಒಂದು ಬಗೆ. ತಂದವರ ಗುರುತನ್ನು ಹೆಸರಿನಲ್ಲೇ ಹಚ್ಚುವುದು ಇನ್ನೊಂದು ಬಗೆ. ಮೈಸೂರು ಕಡೆಯ ‘ಪರಂಗಿ ಹಣ್ಣು’ ಇದಕ್ಕೆ ಉದಾಹರಣೆ. ಉತ್ತರದವರಿಗೆ ಅದು ಪಪ್ಪಾಯಿ, ಕರಾವಳಿಯಲ್ಲಿ ಬಪ್ಪಂಗಾಯಿ ಎನ್ನುವವರೂ ಇದ್ದಾರೆ. ‘ಪರಂಗಿ’ಯ ಮೂಲ ದೂರದ್ದು. 11ನೇ ಶತಮಾನದ ಕೊನೆಗೆ ಶುರುವಾದ ಧರ್ಮಯುದ್ಧಗಳ ಕಾಲದಲ್ಲಿ ಅರಬರು ಪಶ್ಚಿಮ ಯುರೋಪಿನವರನ್ನೆಲ್ಲ ‘ಇಫ್ರಂಜ್’ ಎಂದು ಕರೆದರು. ಫ್ರಾಂಕ್ ಜನಾಂಗದ ಹೆಸರು ಹಾಗೆ ಅರಬಿಯಾಯಿತು. ಪಾರಸಿಯಲ್ಲಿ ಅದು ‘ಫರಂಗಿ’, ಕನ್ನಡದ ಬಾಯಲ್ಲಿ ‘ಪರಂಗಿ’.

ಈ ಫರಂಗಿಗಳು ನಮ್ಮ ಭಾಷೆಗೆ ಬಿಟ್ಟುಹೋದದ್ದು ಹಣ್ಣೊಂದನ್ನೇ ಅಲ್ಲ. ಕನ್ನಡದಲ್ಲಿ ‘ಫಿರಂಗಿ’ ಎಂದರೆ ತೋಪು. 16ನೇ ಶತಮಾನದ ವೈದ್ಯ ಭಾವಮಿಶ್ರ ತನ್ನ ‘ಭಾವಪ್ರಕಾಶ’ದಲ್ಲಿ ‘ಫಿರಂಗ ರೋಗ’ವನ್ನು ವಿವರಿಸಿದ್ದಾನೆ. ಅದು ಯುರೋಪಿನವರ ಜೊತೆ ಬಂದ ಗುಹ್ಯರೋಗ. ತೋಪು, ರೋಗ, ಹಣ್ಣು ಮೂರಕ್ಕೂ ಒಂದೇ ಮೂಲದ ಹೆಸರು. ತೋಪು ಇಂದು ಕೋಟೆಗಳ ಮೇಲೆ ತುಕ್ಕು ಹಿಡಿದಿದೆ, ರೋಗಕ್ಕೆ ಬೇರೆ ಹೆಸರು ಬಂದಿದೆ. ಜನ ಉಳಿಸಿಕೊಂಡು ಹಿತ್ತಲಲ್ಲಿ ನೆಟ್ಟದ್ದು ಹಣ್ಣನ್ನು. ತಮಿಳಿನಲ್ಲಿ ‘ಪರಂಗಿಕ್ಕಾಯ್’ ಎಂದರೆ ಕುಂಬಳದ ಜಾತಿಯ ತರಕಾರಿ. ಪರದೇಶದ್ದು ಎಂಬ ಗುರುತು ಅಲ್ಲಿ ಬೇರೊಂದು ಕಾಯಿಗೆ ಹೋಗಿ ಕೂತಿದೆ.

‘ಸೀಮೆ’ ಎಂಬ ಪದವೂ ಇಂಥದೇ ಕೆಲಸ ಮಾಡಿದೆ. ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಬದನೆ, ಸೀಮೆಹುಣಸೆ. ಇಲ್ಲೆಲ್ಲ ಸೀಮೆ ಎಂದರೆ ಹೊರದೇಶ. ಉರ್ದುವಿನಲ್ಲಿ ಇದಕ್ಕೆ ಸರಿಸಾಟಿ ‘ವಿಲಾಯತಿ’. ನಾವು ಸೀಮೆಹುಣಸೆ ಎನ್ನುವುದನ್ನು ಅವರು ‘ವಿಲಾಯತಿ ಇಮ್ಲಿ’ ಎನ್ನುತ್ತಾರೆ. ಎರಡು ಭಾಷೆಗಳು ಬೇರೆ ಬೇರೆ ಪದ ಬಳಸಿ ಒಂದೇ ಮಾತು ಹೇಳಿವೆ.

ಸೀಮೆಹುಣಸೆ ಹೊರಗಿನದಾದರೆ ಹುಣಸೆ ಎಲ್ಲಿಯದು? ಅರಬ್ ವರ್ತಕರು ಅದಕ್ಕೆ ‘ತಮರ್ ಹಿಂದಿ’ ಎಂದು ಹೆಸರಿಟ್ಟರು. ಹಿಂದೂಸ್ತಾನದ ಖರ್ಜೂರ ಎಂದು ಅರ್ಥ. ಇಂಗ್ಲಿಷಿನ ‘ಟ್ಯಾಮರಿಂಡ್’ ಅದರಿಂದಲೇ ಬಂತು. ಗೋವೆಯಲ್ಲಿದ್ದ ಪೋರ್ಚುಗೀಸ್ ವೈದ್ಯ ಗಾರ್ಸಿಯಾ ದ ಓರ್ತಾ 1563ರಲ್ಲಿ ಅಚ್ಚು ಮಾಡಿಸಿದ ಔಷಧಿಗಳ ಗ್ರಂಥದಲ್ಲಿ ಹುಣಸೆಗೆಂದೇ ಒಂದು ಅಧ್ಯಾಯವಿದೆ. ಆದರೆ ಸಸ್ಯಶಾಸ್ತ್ರ ಹೇಳುವಂತೆ ಹುಣಸೆಯ ತವರು ಆಫ್ರಿಕಾ. ಬಹಳ ಹಿಂದೆಯೇ ಅಲ್ಲಿಂದ ಬಂದು, ಇಲ್ಲಿ ಹುಣಸೆ ಎಂಬ ಹೆಸರು ಪಡೆದು, ಅರಬರ ಕಣ್ಣಿಗೆ ಅಪ್ಪಟ ಹಿಂದೂಸ್ತಾನಿಯಾಗಿ ಕಂಡಿತು. ಬಂದು ನೆಲೆಸಿದವರು ನೆಲದವರಾಗುವುದು ಹೀಗೆ.

ಹುಣಸೆಯೊಂದೇ ಅಲ್ಲ, ರಾಗಿ ಮತ್ತು ಜೋಳದ ತವರೂ ಆಫ್ರಿಕಾವೇ. ಸಾವಿರಾರು ವರ್ಷಗಳ ಹಿಂದೆ ಅವು ಸಮುದ್ರ ದಾಟಿ ಬಂದವು. ದಕ್ಷಿಣದವರ ಮುದ್ದೆ, ಉತ್ತರದವರ ರೊಟ್ಟಿ, ಎರಡೂ ಕಡೆಯವರ ಹುಳಿ, ಮೂರೂ ಒಂದೇ ಖಂಡದಿಂದ ಬಂದವು. ಕನಕದಾಸರು ‘ರಾಮಧಾನ್ಯ ಚರಿತ್ರೆ’ಯಲ್ಲಿ ಭತ್ತದ ಎದುರು ವಾದಕ್ಕೆ ನಿಲ್ಲಿಸಿ ಗೆಲ್ಲಿಸಿದ್ದು ಈ ರಾಗಿಯನ್ನೇ. ಬಡವರ ಹಸಿವು ನೀಗಿಸಿದ್ದೇ ಅದರ ಕುಲ ಎಂಬುದು ಅಲ್ಲಿನ ತಿರುಳು. ಅದು ಎಲ್ಲಿಂದ ಬಂತೆಂದು ಯಾರೂ ಕೇಳಲಿಲ್ಲ.

ಹೋಗಿ ಬಂದ ಬದನೆ

ಹೊರಗಿನಿಂದ ಬಂದವುಗಳ ಮಾತಾಯಿತು. ಇಲ್ಲಿಂದ ಹೊರಟು ಲೋಕ ಸುತ್ತಿದ ಹೆಸರೂ ಇದೆ. ಬದನೆ ನಮ್ಮ ಕಡೆಯ ತರಕಾರಿ. ಸಂಸ್ಕೃತದಲ್ಲಿ ಅದಕ್ಕಿದ್ದ ‘ವಾತಿಂಗಣ’ ಎಂಬ ಹೆಸರು ಪಾರಸಿಗೆ ಹೋಗಿ ‘ಬಾದಿಂಗಾನ್’ ಆಯಿತು, ಅರಬಿಯಲ್ಲಿ ‘ಬಾದಿಂಜಾನ್’ ಆಯಿತು. ಅರಬರು ಆಳುತ್ತಿದ್ದ ಸ್ಪೇನ್, ಪೋರ್ಚುಗಲ್ ನಾಡಿಗೆ ಹೋಗಿ ಪೋರ್ಚುಗೀಸರ ‘ಬೆರಿಂಜೆಲಾ’ ಆಯಿತು. ಅದೇ ಪೋರ್ಚುಗೀಸರು ಅದನ್ನು ಮತ್ತೆ ನಮ್ಮ ಕರಾವಳಿಗೆ ತಂದರು. ಇಲ್ಲಿನ ಇಂಗ್ಲಿಷರ ಬಾಯಲ್ಲಿ ಅದು ‘ಬ್ರಿಂಜಾಲ್’. ಇಂದು ಬೆಂಗಳೂರಿನ ಅಂಗಡಿಯ ಚೀಟಿಯಲ್ಲಿ ‘ಬ್ರಿಂಜಾಲ್’ ಎಂದು ಅಚ್ಚಾದಾಗ ನಾವು ಓದುತ್ತಿರುವುದು ಹಿಂದೂ, ಮುಸ್ಲಿಂ, ಕ್ರೈಸ್ತ ನಾಲಿಗೆಗಳನ್ನೆಲ್ಲ ದಾಟಿ ತವರಿಗೆ ಮರಳಿದ ಪದವನ್ನು. ಹೊರಗೆ ಅದು ಇಷ್ಟು ಸುತ್ತಿದರೂ ಮನೆಯಲ್ಲಿ ‘ಬದನೆಕಾಯಿ’ ಮನೆಯಲ್ಲೇ ಇತ್ತು. ಉತ್ತರ ಕರ್ನಾಟಕದ ‘ಮುಳಗಾಯಿ’ಯೂ ತನ್ನ ಮುಳ್ಳಿನ ಸಮೇತ ಅಲ್ಲೇ ಇತ್ತು.

ಕಡಲೆ, ಜೋಳ, ಗಡ್ಡೆ

ಕಡಲೆಕಾಯಿ ದಕ್ಷಿಣ ಅಮೆರಿಕದ್ದು. ಅದು ಬರುವ ಮೊದಲೇ ಇಲ್ಲಿ ಕಡಲೆ ಇತ್ತು. ಆ ಹಳೆಯ ಕಡಲೆಯ ಹೆಸರಿಗೆ ‘ಕಾಯಿ’ ಸೇರಿಸಿ ಮೈಸೂರು ಕಡೆ ‘ಕಡಲೆಕಾಯಿ’ ಎಂದರು. ಕರಾವಳಿಯಲ್ಲಿ ನೆಲದೊಳಗೆ ಬೆಳೆಯುವುದನ್ನು ನೋಡಿ ‘ನೆಲಗಡಲೆ’ ಎಂದರು. ಮರಾಠಿಯಲ್ಲಿ ಕೋಡಿಗೆ ‘ಶೇಂಗ’ ಎಂದು ಹೆಸರು, ಆದ್ದರಿಂದ ಉತ್ತರ ಕರ್ನಾಟಕದಲ್ಲಿ ಅದು ‘ಶೇಂಗಾ’. ದಖ್ಖನಿಯಲ್ಲಿ ‘ಫಲ್ಲಿ’, ಅದಕ್ಕೂ ಕೋಡು ಎಂದೇ ಅರ್ಥ. ಬೆಂಗಳೂರಿನ ಬಸವನಗುಡಿಯಲ್ಲಿ ಕಾರ್ತಿಕ ಮಾಸದ ಕೊನೆಯ ಸೋಮವಾರ ದೊಡ್ಡ ಬಸವನ ಮುಂದೆ ಸೇರುವುದು ಕಡಲೆಕಾಯಿ ಪರಿಷೆ. ವಿಜಯಪುರದ ರೊಟ್ಟಿಯ ಪಕ್ಕಕ್ಕೆ ಬೀಳುವುದು ಶೇಂಗಾ ಚಟ್ನಿ. ಹೆಸರು ಅದಲುಬದಲು ಮಾಡಿದರೆ ಎರಡಕ್ಕೂ ರುಚಿ ಕೆಟ್ಟಂತೆ ಅನಿಸುತ್ತದೆ.

ಮೆಕ್ಸಿಕೋ ಮೂಲದ ಇನ್ನೊಂದು ಬೆಳೆ ಮೈಸೂರಿನಲ್ಲಿ ‘ಮುಸುಕಿನ ಜೋಳ’, ಧಾರವಾಡ ಹಾವೇರಿಗಳಲ್ಲಿ ‘ಗೋವಿನಜೋಳ’, ಬೇರೆ ಕಡೆ ‘ಮೆಕ್ಕೆಜೋಳ’. ಮೂರೂ ಹಳೆಯ ಜೋಳದ ಹೆಗಲ ಮೇಲೆ ಕೂತಿವೆ. ಪದರ ಪದರವಾಗಿ ಸಿಪ್ಪೆ ಹೊದ್ದ ತೆನೆಗೆ ‘ಮುಸುಕಿನ’ ಎಂದ ರೈತಾಪಿ ಮಂದಿಯನ್ನು ಯಾವ ಕವಿಯ ಪಕ್ಕದಲ್ಲಾದರೂ ಕೂರಿಸಬಹುದು.

ಆಲೂಗಡ್ಡೆಯಲ್ಲಿ ‘ಆಲೂ’ ಹಿಂದೂಸ್ತಾನಿ, ‘ಗಡ್ಡೆ’ ಕನ್ನಡ. ಉತ್ತರದ ಮತ್ತು ಕರಾವಳಿಯ ‘ಬಟಾಟೆ’ ಪೋರ್ಚುಗೀಸರ ‘ಬತಾತಾ’. ಆ ಪದ ಮೊದಲು ಇದ್ದದ್ದು ಸಿಹಿಗೆಣಸಿಗೆ. ಪಾರಸಿಯಲ್ಲಾದರೋ ‘ಆಲೂ’ ಎಂದರೆ ಗಡ್ಡೆಯೇ ಅಲ್ಲ, ಹುಳಿ-ಸಿಹಿಯ ಒಂದು ಹಣ್ಣು. ನಮ್ಮ ಮದುವೆಯ ಬಿರಿಯಾನಿಯಲ್ಲಿ ಒಮ್ಮೊಮ್ಮೆ ಸಿಗುವ ‘ಆಲೂ ಬುಖಾರಾ’ದಲ್ಲಿ ಆ ಅರ್ಥ ಇನ್ನೂ ಜೀವಂತವಿದೆ.

ಎಲ್ಲ ಭೇದವೂ ಹೊರಗಿನ ಪ್ರಭಾವದಿಂದ ಬಂದದ್ದು ಎಂದು ತಿಳಿಯಬೇಕಿಲ್ಲ. ದಕ್ಷಿಣದ ಈರುಳ್ಳಿ, ಕರಾವಳಿಯ ನೀರುಳ್ಳಿ, ಉತ್ತರದ ಉಳ್ಳಾಗಡ್ಡಿ, ಈ ಮೂರರೊಳಗೂ ಇರುವುದು ‘ಉಳ್ಳಿ’ ಎಂಬ ಒಂದೇ ದ್ರಾವಿಡ ಪದ. ಒಂದೇ ಬೇರು, ಮೂರು ಟಿಸಿಲು.

ಎರಡು ಕಡೆಯ ಶುದ್ಧಿ

ಇದನ್ನೆಲ್ಲ ಈಗ ಹೇಳಬೇಕಾಗಿ ಬಂದಿರುವುದು ಬರಿಯ ಕುತೂಹಲಕ್ಕಲ್ಲ. ಕನ್ನಡದಿಂದ ಅರಬಿ, ಪಾರಸಿ ಪದಗಳನ್ನು ತೆಗೆದುಹಾಕಬೇಕೆಂಬ ಮಾತು ಆಗಾಗ ಏಳುತ್ತದೆ. ಆ ಪದಗಳು ಮುಸ್ಲಿಮರವು, ಮುಸ್ಲಿಮರು ಹೊರಗಿನವರು ಎಂಬ ತರ್ಕ ಅದರ ಬೆನ್ನಿಗಿರುತ್ತದೆ. ಅಂಥವರು ಮೊದಲು ಹಣ್ಣಿನ ಅಂಗಡಿಗೆ ಹೋಗಿ ನೋಡಬೇಕು. ರೋಗಿಯನ್ನು ನೋಡಲು ಎಲ್ಲರೂ ಒಯ್ಯುವ ಸೇಬು ಪಾರಸಿಯ ‘ಸೇಬ್’. ಬೇಸಿಗೆಯ ಪಾನಕದ ಕರಬೂಜ ಪಾರಸಿಯ ‘ಖರ್ಬೂಜಾ’. ರಂಜಾನಿನ ಹಣ್ಣೆಂದೇ ಹೆಸರಾದ, ಮುಸ್ಲಿಮರು ಉಪವಾಸ ಬಿಡುವ ಖರ್ಜೂರವೋ, ಶುದ್ಧ ಸಂಸ್ಕೃತ ಪದ. ಪದಗಳನ್ನು ಮತದ ಲೆಕ್ಕದಲ್ಲಿ ಹಂಚಲು ಹೊರಟವರ ತಕ್ಕಡಿ ಇಲ್ಲಿ ತಲೆಕೆಳಗಾಗುತ್ತದೆ.

ಹಾಗೆ ನೋಡಿದರೆ ‘ಮುಸ್ಲಿಮರ ಮಾತು’ ಎಂಬುದೇ ಒಂದಿಲ್ಲ. ಮಂಗಳೂರಿನ ಬ್ಯಾರಿ ಅಡುಗೆಮನೆಯ ಪದಗಳು ಮಲಯಾಳ, ತುಳುಗಳಿಗೆ ಹತ್ತಿರ. ಭಟ್ಕಳದ ನವಾಯತರವು ಕೊಂಕಣಿಗೆ ಹತ್ತಿರ. ಕಲಬುರಗಿಯ ದಖ್ಖನಿ ಮನೆಯ ಮಾತು ಇವೆರಡಕ್ಕೂ ದೂರ. ಈ ಮೂವರು ಒಂದೇ ಪಂಕ್ತಿಯಲ್ಲಿ ಕೂತರೆ ಬಡಿಸುವವನನ್ನು ಕರೆಯಲು ಕೊನೆಗೆ ಕನ್ನಡವೇ ಆಗಬೇಕು.

ನಮ್ಮ ಕಡೆಯ ತಪ್ಪನ್ನೂ ಮರೆಮಾಚಬಾರದು. ನಾನು ಓದಿದ ಉರ್ದು ಪ್ರಾಥಮಿಕ ಶಾಲೆಯ ಪುಸ್ತಕದಲ್ಲಿ ಈ ಹಣ್ಣಿನ ಚಿತ್ರದ ಕೆಳಗೆ ‘ಅಮ್ರೂದ್’ ಎಂದಿತ್ತು. ಮಕ್ಕಳೆಲ್ಲ ಒಂದೇ ದನಿಯಲ್ಲಿ ‘ಜಾಮ್’ ಎಂದರೆ ಉಸ್ತಾದರಿಗೆ ಸಿಟ್ಟು ಬರುತ್ತಿತ್ತು. ಅದು ಬಜಾರಿನ ಮಾತು, ‘ಸಾಫ್’ ಉರ್ದು ಅಲ್ಲ ಎನ್ನುತ್ತಿದ್ದರು. ಮುಂದೆ ಕನ್ನಡ ಶಾಲೆಗೆ ಸೇರಿದಾಗ ಅಲ್ಲಿ ಅದು ‘ಸೀಬೆ’. ಅಲ್ಲೂ ‘ಜಾಮ್’ ಎಂದವರನ್ನು ನೋಡಿ ಹಿಂದಿನ ಬೆಂಚಿನವರು ನಗುತ್ತಿದ್ದರು. ಹೀಗೆ ತಾಯಿ ಸೆರಗಿನಿಂದ ಒರೆಸಿ ಕೈಗಿಟ್ಟ ಹಣ್ಣಿನ ಹೆಸರು ಎರಡು ಶಾಲೆಗಳ ಬಾಗಿಲಲ್ಲೂ ಹೊರಗೇ ನಿಲ್ಲಬೇಕಾಯಿತು. ಲಖನೌ ದೆಹಲಿಗಳ ಉರ್ದುವನ್ನು ಮೇಲೆಂದೂ ದಖ್ಖನಿಯನ್ನು ಕೀಳೆಂದೂ ಎಣಿಸುವ ನಮ್ಮ ಹಿರಿಯರಿಗೂ ಅಚ್ಚಗನ್ನಡದ ಹೆಸರಿನಲ್ಲಿ ಬಾಗಿಲು ಹಾಕುವವರಿಗೂ ನಡುವೆ ಇಲ್ಲಿ ಹೆಚ್ಚಿನ ವ್ಯತ್ಯಾಸವಿಲ್ಲ. ಇಬ್ಬರೂ ಮಗುವಿಗೆ ಅದರ ಮನೆಯ ಮಾತಿನ ಬಗ್ಗೆ ನಾಚಿಕೆ ಕಲಿಸುತ್ತಾರೆ.

ಕನ್ನಡದ ಒಳ್ಳೆಯ ಪರಂಪರೆ ಹೀಗಿರಲಿಲ್ಲ. 13ನೇ ಶತಮಾನದ ಆಂಡಯ್ಯ ‘ಕಬ್ಬಿಗರ ಕಾವ’ವನ್ನು ಸಂಸ್ಕೃತದ ತತ್ಸಮಗಳನ್ನು ಬಿಟ್ಟು ಬರೆದು ತೋರಿಸಿದ. ಆದರೆ ಅವನು ತದ್ಭವಗಳನ್ನು ಬಿಡಲಿಲ್ಲ. ಬಂದ ಪದವನ್ನು ನಮ್ಮ ನಾಲಿಗೆಗೆ ಒಗ್ಗಿಸಿಕೊಂಡರೆ ಅದು ನಮ್ಮದೇ ಎಂಬ ತಿಳಿವಳಿಕ ಅದರಲ್ಲಿದೆ. ಫರಂಗಿಯನ್ನು ಪರಂಗಿ ಮಾಡಿದ್ದೂ ಅದೇ ತಿಳಿವಳಿಕೆ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ನಿನಿಂದ ಬಂದ ಕಿಟೆಲ್ ನಿಘಂಟು ಹಿಂದೂಸ್ತಾನಿ, ಮರಾಠಿಗಳಿಂದ ಬಂದ ಪದಗಳನ್ನು ಗುರುತು ಹಾಕಿ ಒಳಗೆ ಸೇರಿಸಿಕೊಂಡಿತು, ಹೊರಗೆ ಹಾಕಲಿಲ್ಲ.

ಇಂದು ಈ ಹೆಸರುಗಳಿಗೆ ಎದುರಾಗಿರುವ ಅಪಾಯ ಶುದ್ಧಿವಾದಿಗಳಿಂದ ಮಾತ್ರವಲ್ಲ. ದೊಡ್ಡ ಅಂಗಡಿಗಳ ತಂಪು ಪೆಟ್ಟಿಗೆಯಲ್ಲಿ ಸೀಬೆಯೂ ಇಲ್ಲ, ಪೇರಲವೂ ಇಲ್ಲ, ಜಾಮೂ ಇಲ್ಲ. ಅಲ್ಲಿರುವುದು ‘ಗುವಾ’. ನಾವು ಜಗಳವಾಡುತ್ತಿರುವ ಮನೆಯೇ ಹೀಗೆ ಖಾಲಿಯಾಗುತ್ತಿದೆ. ಇದಕ್ಕೆ ದೊಡ್ಡ ಯೋಜನೆಗಳೇನೂ ಬೇಕಿಲ್ಲ. ಪಠ್ಯಪುಸ್ತಕದಲ್ಲಿ ಹಣ್ಣಿನ ಚಿತ್ರದ ಕೆಳಗೆ ಒಂದು ಹೆಸರಿನ ಬದಲು ನಾಲ್ಕು ಹೆಸರು ಅಚ್ಚಾಗಲಿ. ನಿಮ್ಮ ಮನೆಯಲ್ಲಿ ಇದಕ್ಕೆ ಏನೆನ್ನುತ್ತಾರೆ ಎಂದು ಮೇಷ್ಟರು ಮಕ್ಕಳನ್ನು ಕೇಳಲಿ. ತುಳುವಿನ ಮಗು, ದಖ್ಖನಿಯ ಮಗು, ಲಂಬಾಣಿ ಮಗು, ಕೊಡವ ಮಗು ತಮ್ಮ ತಮ್ಮ ಪದವನ್ನು ಕರಿಹಲಗೆಯ ಮೇಲೆ ಬರೆಯಲಿ. ಅಷ್ಟಾದರೆ ಆ ಹಲಗೆಯ ಮೇಲೆ ಕರ್ನಾಟಕದ ಚರಿತ್ರೆಯ ಒಂದು ಪಾಠ ತಾನಾಗಿಯೇ ಮುಗಿದಿರುತ್ತದೆ.